ಚೈನು ಮುಟ್ಟದ ಕೈ

ನಮ್ಮ ನರ್ಸಮ್ಮನ ಉಗುರು ಬೆಳೆದದ್ದನ್ನು ನಾನು ನೋಡಿದ ನೆನಪಿಲ್ಲ. ಬೆರಳ ತುದಿಯ ಮಾಂಸ ಕಾಣುವಷ್ಟು ಹತ್ತಿರಕ್ಕೆ ಕತ್ತರಿಸಿರುತ್ತಿದ್ದರು. ಬಲಗೈ ಹೆಬ್ಬೆರಳಿನ ಗೆಣ್ಣಿನ ಗೆರೆಯಲ್ಲಿ ಮಾತ್ರ ಎಳೆಯಷ್ಟು ಕಪ್ಪು ಉಳಿದಿತ್ತು. ಅದು ಸೈಕಲ್ ಚೈನಿನ ಕಪ್ಪು. ಭಾನುವಾರಗಳಲ್ಲಿ ಸೇರಿಕೊಂಡು ಅಲ್ಲೇ ನಿಂತುಬಿಟ್ಟಿತ್ತು. ಆಸ್ಪತ್ರೆಯ ಕೆಂಪು ಸಾಬೂನಿಗೂ ಬಿಟ್ಟಿರಲಿಲ್ಲ. ಹತ್ತಿರ ಕುಳಿತರೆ ಆ ಕೈಗಳಿಂದ ಮೊದಲು ಸಾಬೂನಿನ ವಾಸನೆ, ಸ್ವಲ್ಪ ತಡೆದು ಸೀಮೆಎಣ್ಣೆಯ ವಾಸನೆ ಬರುತ್ತಿತ್ತು.

ಹೆರಿಗೆಗೆ ಹೋಗುವಾಗ ದಾರಿಯಲ್ಲಿ ಚೈನು ಕಳಚಿದರೆ ಅವರು ಅದನ್ನು ಕೈಯಿಂದ ಮುಟ್ಟುತ್ತಿರಲಿಲ್ಲ. ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ, ಬೇಲಿಯಿಂದ ಕಡ್ಡಿಯೊಂದನ್ನು ಮುರಿದು, ಅದರ ತುದಿಯಿಂದ ಚೈನನ್ನು ಎತ್ತಿ ಹಲ್ಲಿಗೆ ಸಿಕ್ಕಿಸಿ, ಪೆಡಲನ್ನು ಚಪ್ಪಲಿ ಕಾಲಿನಿಂದ ತಿರುಗಿಸುತ್ತಿದ್ದರು. ಮರಳಿ ಬರುವಾಗ ಕಳಚಿದರೆ ಯೋಚಿಸದೆ ಕೈ ಹಾಕುತ್ತಿದ್ದರು. ಹೀಗೇಕೆ ಎಂದು ನಾನು ಒಮ್ಮೆ ಕೇಳಿದ್ದೆ.

"ಹೋಗೂವಾಗ ಈ ಕೈ ನಂದಲ್ಲ ತಂಗಿ. ಬರೂವಾಗ ನಂದು" ಅಂದಿದ್ದರು.

ಎಪ್ಪತ್ತರ ದಶಕದ ಆರಂಭದಲ್ಲಿ ಅವರು ಸಿರುಗುಪ್ಪದ ನಮ್ಮ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದರು. ಸುತ್ತಲಿನ ಊರುಗಳ ಹೆರಿಗೆ ನೋಡಿಕೊಳ್ಳಲು ಸರ್ಕಾರ ನೇಮಿಸಿದ್ದ ನರ್ಸು. ಸ್ವಂತ ಊರು ಕುರುಗೋಡು. ಗಂಡನ ವಿಷಯ ಅವರು ಹೇಳಲಿಲ್ಲ, ನಮ್ಮವ್ವ ಕೇಳಲಿಲ್ಲ. ನಮ್ಮಜ್ಜಿಗೆ ಮಾತ್ರ ಕೇಳದೆ ಇರಲಾಗಲಿಲ್ಲ. ಕೋಣೆ ನೋಡಲು ಬಂದ ದಿನವೇ ಕಟ್ಟೆಯ ಮೇಲೆ ಕುಳಿತು, "ನೀವು ಯಾವ ಪೈಕಿಯವ್ವಾ?" ಅಂದಳು.

"ನರ್ಸ್ ಪೈಕಿರಿ, ಅವ್ವಾರ."

ಅಂಥದ್ದೊಂದು ಪೈಕಿ ಇದೆಯೋ ಇಲ್ಲವೋ ಎಂದು ಅಜ್ಜಿ ತುಸು ಹೊತ್ತು ಯೋಚಿಸಿರಬೇಕು. ಕೋಣೆ ಕೊಟ್ಟಳು. ಆದರೆ ಕುಡಿಯುವ ನೀರಿನ ಕೊಡ ಪಡಸಾಲೆಯಲ್ಲೇ ಬೇರೆ ಇಟ್ಟಳು. ನರ್ಸಮ್ಮ ಆ ಕೊಡದಿಂದಲೇ ಬಗ್ಗಿಸಿಕೊಂಡು ಕುಡಿದು, ತಣ್ಣಗೈತಿ ಅಂದರು. ಅಷ್ಟೇ.

ಅವರ ಜೊತೆ ಬಂದ ಸಾಮಾನೆಂದರೆ ಒಂದು ಟ್ರಂಕು, ಒಂದು ಸ್ಟೋವು, ಮತ್ತೆ ಆ ಸೈಕಲ್ಲು. ಅಂಥದ್ದು ಸಿರುಗುಪ್ಪದಲ್ಲಿ ಇನ್ನೊಂದಿರಲಿಲ್ಲ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿದ್ದ ದೊರೆಸಾನಿಯೊಬ್ಬಳು ತನ್ನ ದೇಶಕ್ಕೆ ಮರಳುವಾಗ ಬಿಟ್ಟುಹೋದದ್ದಂತೆ. ಆಮೇಲೆ ಯಾರ್ಯಾರ ಕೈಗೋ ಹೋಗಿ, ಕೊನೆಗೆ ಗುಜರಿ ಅಂಗಡಿಯ ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿದ್ದಾಗ ನರ್ಸಮ್ಮ ಕೊಂಡಿದ್ದರು. ಹೆಂಗಸರ ಸೈಕಲ್ಲು, ಚೌಕಟ್ಟು ತೆಳ್ಳಗೆ, ಗಾಲಿಗಳು ಸಪೂರ. ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿತ್ತಂತೆ. ಅವರು ಅದನ್ನು ತಿರುವಿ ಕೊಂಬು ಮೇಲಕ್ಕೆ ಬರುವಂತೆ ಕೂರಿಸಿಕೊಂಡಿದ್ದರು. ಬಣ್ಣ ಯಾವುದೆಂದು ಹೇಳುವಂತಿರಲಿಲ್ಲ. ಮಡ್‌ಗಾರ್ಡ್ ಇರಲಿಲ್ಲ. ಚೈನಿನ ಮೇಲೆ ಮುಚ್ಚಳ ಇರಲಿಲ್ಲ. ಹೊತ್ತುಕೊಂಡರೆ ಭುಜಕ್ಕೆ ಭಾರವೂ ಆಗುತ್ತಿರಲಿಲ್ಲ.

ರಿಪೇರಿಗೆ ಅವರು ಬಜಾರದ ಸೈಕಲ್ ಅಂಗಡಿಗೆ ಹೋಗುತ್ತಿರಲಿಲ್ಲ. ಅಲ್ಲಿ ಗಂಡಸರು ಗುಂಪುಗಟ್ಟಿ ಬೀಡಿ ಸೇದುತ್ತಿದ್ದುದು ಒಂದು ಕಾರಣ. ಪ್ರತಿ ಸಲ ಹೊಸ ಸಾಮಾನು ಹಾಕಿಸುವಷ್ಟು ಸಂಬಳ ಇರಲಿಲ್ಲವೆನ್ನುವುದು ಇನ್ನೊಂದು. ಭಾನುವಾರ ತಲೆಗೆ ನೀರು ಹಾಕಿಕೊಳ್ಳುವ ಮೊದಲು ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸುತ್ತಿದ್ದರು. ಹಳೆಯ ಪೇಪರು ಹಾಸಿ, ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಇಡುತ್ತಿದ್ದರು. ಜೋಡಿಸುವಾಗ ಬಲದಿಂದ ಎಡಕ್ಕೆ. ನಾನು ಆ ಪೇಪರಿನ ಮೇಲೆ ಕೋಳಿ ಹಾಯದಂತೆ ಕಾಯುತ್ತಿದ್ದೆ. ಚೈನನ್ನು ಸೀಮೆಎಣ್ಣೆಯ ಡಬ್ಬಿಯಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒಗೆದ ಬಟ್ಟೆಯಂತೆ ಹಗ್ಗದ ಮೇಲೆ ಒಣಹಾಕುತ್ತಿದ್ದರು. ಆಮೇಲೆ ನಮ್ಮವ್ವನ ಹೊಲಿಗೆ ಯಂತ್ರದ ಎಣ್ಣೆ, ಕೊಂಡಿಗೊಂದು ಹನಿ. ಒಂದು ಕಡೆ ಸವೆದ ಬ್ರೇಕಿನ ರಬ್ಬರನ್ನು ತಿರುವಿ ಹಾಕುತ್ತಿದ್ದರು. ಟೈರು ಎಲ್ಲಾದರೂ ಸೀಳಿದ್ದರೆ ಒಳಗಿನಿಂದ ಹಳೆಯ ಟೈರಿನ ತುಂಡೊಂದನ್ನು ಒತ್ತುಗೊಟ್ಟು ಕೂರಿಸುತ್ತಿದ್ದರು. ಆ ಗಾಲಿಯ ಅಳತೆಯ ಟೈರು ಸಿರುಗುಪ್ಪದಲ್ಲಿ ಸಿಗುತ್ತಲೂ ಇರಲಿಲ್ಲ. ತಿಂಗಳ ಮೀಟಿಂಗಿಗೆ ಬಳ್ಳಾರಿಗೆ ಹೋದಾಗ ಗುಜರಿ ಅಂಗಡಿಗಳಲ್ಲಿ ಹುಡುಕಿ, ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಬರುತ್ತಿದ್ದರು. ಗಂಟಿನಲ್ಲಿ ಬೇರಿಂಗಿನ ಗುಂಡುಗಳು, ನಟ್ಟುಗಳು, ಒಮ್ಮೊಮ್ಮೆ ನನಗೆ ಪೆಪ್ಪರಮಿಂಟು.

ನಮ್ಮ ಕಡೆ ಪಂಕ್ಚರಿಗೆ ಕೊರತೆಯಿಲ್ಲ. ದಾರಿಯ ಎರಡೂ ಕಡೆ ಬಳ್ಳಾರಿ ಜಾಲಿ. ಅದರ ಮುಳ್ಳು ಟೈರಿಗೆ ಚುಚ್ಚಿ ಹೊರಗೆ ಮುರಿದುಹೋಗುತ್ತದೆ, ತುದಿ ಒಳಗೇ ಉಳಿಯುತ್ತದೆ. ಟ್ಯೂಬಿಗೆ ತೇಪೆ ಹಾಕಿ ಗಾಳಿ ತುಂಬಿದರೆ ಮರುದಿನ ಅದೇ ಜಾಗದಲ್ಲಿ ಮತ್ತೆ ತೂತು. ನರ್ಸಮ್ಮ ತೇಪೆ ಹಾಕಿದ ಮೇಲೆ ಒಂದು ಹಿಡಿ ಅರಳೆ ತೆಗೆದುಕೊಂಡು ಟೈರಿನ ಒಳಮೈ ಸುತ್ತ ಮೆಲ್ಲಗೆ ಸವರುತ್ತಿದ್ದರು. ಬೆರಳಿಗೆ ಸಿಗದ ಮುಳ್ಳಿಗೆ ಅರಳೆಯ ಎಳೆ ಸಿಕ್ಕಿಕೊಳ್ಳುತ್ತಿತ್ತು. "ಇಲ್ಲಿ ಅದಾನ ನೋಡು ಕಳ್ಳ" ಎಂದು ಚಿಮಟದಿಂದ ಕಿತ್ತು ನನ್ನ ಅಂಗೈಗೆ ಹಾಕುತ್ತಿದ್ದರು. ಹೆರಿಗೆಯ ಚೀಲದ ಚಿಮಟವಲ್ಲ. ಸೈಕಲ್ಲಿನದು ಬೇರೆಯೇ ಇತ್ತು.

ನನ್ನ ತಮ್ಮ ಹುಟ್ಟಿದ್ದು ಅವರ ಕೈಯಲ್ಲಿ. ನನ್ನ ನಂತರ ಅವ್ವನಿಗೆ ಹುಟ್ಟಿದ ಮಗು ಉಳಿದಿರಲಿಲ್ಲ. ಈ ಸಲ ಮಗು ಅಡ್ಡ ತಿರುಗಿದೆ ಎಂದು ನರ್ಸಮ್ಮ ಮೊದಲೇ ಅಪ್ಪನಿಗೆ ಹೇಳಿದ್ದರು. ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಕರೆದೊಯ್ಯಬೇಕೆಂದು ತೀರ್ಮಾನವಾಗಿದ್ದ ವಾರದಲ್ಲೇ ನೋವು ಶುರುವಾಯಿತು. ಕಾರು ಹುಡುಕುವಷ್ಟು ಹೊತ್ತೂ ಇರಲಿಲ್ಲ, ನರ್ಸಮ್ಮ ಕೈಯಿಂದಲೇ ಮಗುವನ್ನು ನೇರ ಮಾಡಬೇಕಾಯಿತು. ಅಪ್ಪನಿಗೆ ಬಜಾರದಲ್ಲಿ ಪಾತ್ರೆ ಅಂಗಡಿ. ಆ ಬೆಳಿಗ್ಗೆ ಪಡಸಾಲೆಯಲ್ಲಿ ಕುಳಿತು ಅವನು ಒಂದೇ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಲೇ ಇದ್ದ. ಮಗು ಅತ್ತಾಗ ತಂಬಿಗೆ ಕೈಯಿಂದ ಜಾರಿ ಅಂಗಳದವರೆಗೆ ಉರುಳಿಹೋಯಿತು. ಅದನ್ನು ಎತ್ತಿಕೊಂಡು ಬಂದವಳು ನಾನು. ಅಂದಿನಿಂದ ಅಜ್ಜಿ ಪಡಸಾಲೆಯ ಕೊಡ ತೆಗೆದಳು. ನರ್ಸಮ್ಮನನ್ನು ಒಲೆಯ ಮುಂದೆ ಕೂರಿಸಿಕೊಂಡು ಬಿಸಿ ರೊಟ್ಟಿ ಬಡಿಸಿದಳು. ಅದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

ಅಪ್ಪನ ಕೃತಜ್ಞತೆ ಹಾಗೆ ಸುಮ್ಮನಿರುವ ಜಾತಿಯದಲ್ಲ. ಅವನು ಕೊಡುವುದೆಲ್ಲ ಹೊಳೆಯಬೇಕು. ಬಳ್ಳಾರಿ ಪೇಟೆಯಲ್ಲಿ ಹುಟ್ಟಿ ಬೆಳೆದವನು. ಸಿರುಗುಪ್ಪಕ್ಕೆ ಬಂದ ಮೇಲೂ ಮನೆ, ಅಂಗಡಿ, ಬಸ್ ನಿಲ್ದಾಣ ಬಿಟ್ಟು ಹೊಲದ ದಾರಿ ತುಳಿದವನಲ್ಲ. ಆ ವರ್ಷದ ಆಯುಧ ಪೂಜೆಯ ಹಿಂದಿನ ದಿನ, ಪೂಜೆಗೆ ತೊಳೆಸಿಕೊಂಡು ಬರುತ್ತೇನೆಂದು ನರ್ಸಮ್ಮನ ಸೈಕಲ್ಲನ್ನು ಕೇಳಿ ತೆಗೆದುಕೊಂಡು ಹೋದ. ಸಂಜೆ ತಂದು ನಿಲ್ಲಿಸಿದಾಗ ನಮಗೆ ಗುರುತೇ ಸಿಗಲಿಲ್ಲ. ಚೌಕಟ್ಟಿಗೆ ಹಸಿರು ಬಣ್ಣ. ಮುಂದೆ ಹಿಂದೆ ಕನ್ನಡಿಯಂಥ ಮಡ್‌ಗಾರ್ಡುಗಳು. ಚೈನಿನ ಪೂರ್ತಿ ಉದ್ದಕ್ಕೆ ಹೊಸ ಮುಚ್ಚಳ. ಅಪ್ಪ ಟವೆಲಿನಿಂದ ಅದನ್ನು ಇನ್ನೊಮ್ಮೆ ಒರೆಸಿ, "ಇಷ್ಟು ದಿನ ಇವಿಲ್ಲದ ಹೆಂಗ ಓಡಾಡಿದ್ರೋ ಏನೋ, ಪಾಪ" ಅಂದ.

ಅವು ಇಲ್ಲದ್ದು ದುಡ್ಡಿಲ್ಲದ್ದಕ್ಕೆ ಎಂದು ಅವನು ತಿಳಿದಿದ್ದ. ನಾವೆಲ್ಲರೂ ಹಾಗೇ ತಿಳಿದಿದ್ದೆವು.

ನರ್ಸಮ್ಮ ಸೈಕಲ್ಲಿನ ಸುತ್ತ ಒಂದು ಸಲ ನಡೆದರು. ಮಡ್‌ಗಾರ್ಡಿಗೂ ಟೈರಿಗೂ ನಡುವೆ ಬೆರಳೊಂದನ್ನು ತೂರಿಸಿ ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ಭಾಳ ಚಂದ ಆಗೇತ್ರಿ ಅಣ್ಣಾರ" ಅಂದರು.

ದಸರೆ ಮುಗಿದ ಮೇಲೆ ಹಿಂಗಾರು ಸುರಿಯಿತು. ಮಳೆ ನಿಂತ ಒಂದು ಬೆಳಿಗ್ಗೆ ಹಾಲಿನವನ ಹತ್ತಿರ ದೇಶನೂರಿನಿಂದ ಸುದ್ದಿ ಬಂತು. ಚೊಚ್ಚಲ ಹೆರಿಗೆ, ನಸುಕಿನಲ್ಲೇ ನೀರು ಒಡೆದಿದೆ, ನೋವು ಮುಂದುವರಿಯುತ್ತಿಲ್ಲ. ನನಗೆ ಶಾಲೆಗೆ ರಜೆ. ಒಬ್ಬರೇ ಹೋಗಬಾರದೆಂದು ಅವ್ವ ಆಗಾಗ ನನ್ನನ್ನು ಜೊತೆಗೆ ಕಳಿಸುತ್ತಿದ್ದಳು. ಚೀಲ ತೊಡೆಯ ಮೇಲಿಟ್ಟುಕೊಂಡು ಕ್ಯಾರಿಯರಿನ ಮೇಲೆ ಕುಳಿತೆ. ಕಾಲುವೆ ಸೇತುವೆಯವರೆಗೆ ಗರಸು ಹಾಕಿದ ಗಟ್ಟಿ ರಸ್ತೆ, ಸೈಕಲ್ಲು ಸದ್ದಿಲ್ಲದೆ ಓಡಿತು. ಸೇತುವೆ ದಾಟಿದ ಮೇಲೆ ಗದ್ದೆಗಳ ನಡುವಿನ ಎರೆಭೂಮಿಯ ದಾರಿ.

ಎರೆಮಣ್ಣು ನೆನೆದಾಗ ಏನು ಮಾಡುತ್ತದೆಂದು ಅದರಲ್ಲಿ ನಡೆದವರಿಗೆ ಗೊತ್ತು. ಗಾಲಿಗೆ ರೊಟ್ಟಿಹಿಟ್ಟಿನಂತೆ ಸುತ್ತಿಕೊಂಡಿತು. ಮಡ್‌ಗಾರ್ಡಿನ ಒಳಗೆ ತುಂಬಿತು. ತುಸು ದೂರ ಹೋಗುವಷ್ಟರಲ್ಲಿ ಗಾಲಿ ನಿಂತೇಹೋಯಿತು. ಇಳಿದು ತಳ್ಳಿದರು, ಜರುಗಲಿಲ್ಲ. ಎತ್ತಲು ನೋಡಿದರು, ಹಗುರವಾಗಿದ್ದ ಆ ಸೈಕಲ್ಲು ಮಣ್ಣು ತಿಂದು ಕಲ್ಲಾಗಿತ್ತು. ನಾನು ಕಡ್ಡಿ ತೆಗೆದುಕೊಂಡು ಕೆದರಿದೆ. ನಾಲ್ಕು ಮಾರು ಹೋದೆವು, ಮತ್ತೆ ತುಂಬಿತು. ಊರು ಇನ್ನೂ ಗದ್ದೆಗಳ ಆಚೆ ಗಿಡಗಳ ಗುಂಪಾಗಿ ಕಾಣುತ್ತಿತ್ತು. ಆ ಕೆಸರಿನಲ್ಲಿ ನಡೆದು ಹೋದರೆ ಮಧ್ಯಾಹ್ನವಾಗುತ್ತಿತ್ತು. ಮುಂದೆ ಊರ ಹತ್ತಿರ ಮತ್ತೆ ಗರಸು ಇತ್ತು, ಸೈಕಲ್ಲು ಅಲ್ಲಿಗೆ ಬೇಕಿತ್ತು.

ನರ್ಸಮ್ಮ ತಮ್ಮ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡರು.

"ಪಾನಾ ತಗೀ. ಎಲ್ಲಾ ಬಿಚ್ಚೋಣ. ನೀ ಬಿಚ್ಚು, ನಾ ಹೇಳತೀನಿ."

ಚೀಲದ ಹೊರಜೇಬಿನಲ್ಲಿ ಬೇರೆ ಬಟ್ಟೆಯಲ್ಲಿ ಸುತ್ತಿದ್ದ, ನಟ್ಟು ತಿರುವುವ ಪಾನಾ ತೆಗೆದೆ. ಮುಂದಿನ ಮಡ್‌ಗಾರ್ಡು ಬಿಚ್ಚಿದೆ. ಚೈನಿನ ಮುಚ್ಚಳವೂ ಬಂತು. ಹಿಂದಿನದರ ನಟ್ಟು ಅಂಗಡಿಯವನು ಬಲವಾಗಿ ಬಿಗಿದದ್ದು, ನನ್ನ ಕೈಗೆ ಬಗ್ಗಲಿಲ್ಲ. ನಾನು ಅಳುವ ಹಾಗಾಗಿದ್ದೆ. ಅವರು ತಮ್ಮ ಬಿಳಿ ಸೀರೆಯ ಸೆರಗನ್ನು ಕೈಗೆ ದಪ್ಪಗೆ ಸುತ್ತಿಕೊಂಡು ಪಾನಾ ಹಿಡಿದು ಒಮ್ಮೆಲೇ ತಿರುವಿದರು. ಬಿಚ್ಚಿದ್ದನ್ನೆಲ್ಲ ಜಾಲಿಮರದ ಕವಲಿಗೆ ಸಿಕ್ಕಿಸಿದೆವು. ಈಗ ಮಣ್ಣು ಹತ್ತಿದರೂ ಗಾಲಿ ತಿರುಗುತ್ತ ಉದುರಿಸಿಕೊಳ್ಳುತ್ತಿತ್ತು. ತಳ್ಳಿಕೊಂಡು ಓಡಿದೆವು. ಹೆಚ್ಚು ಕೆಸರಿದ್ದಲ್ಲಿ ಅವರು ಸೆರಗು ಹಾಸಿದ ಭುಜದ ಮೇಲೆ ಸೈಕಲ್ಲು ಹೊತ್ತರು.

ಆ ಮನೆಯ ಬಾಗಿಲಲ್ಲಿ ಗರ್ಭಿಣಿಯ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಹಸಿರು ಬಣ್ಣವನ್ನು ಮೇಲಿನಿಂದ ಕೆಳಕ್ಕೆ ನೋಡಿ, "ಹೊಸ ಸೈಕಲ್ ತಗೊಂಡು ಮೆರವಣಿಗಿ ಮಾಡಿಕ್ಯಂತ ಬಂದ್ರೇನು ನರ್ಸಮ್ಮಾ?" ಅಂದಳು.

"ಬಿಸಿನೀರು ಐತೇನು?" ಎಂದಷ್ಟೇ ಕೇಳಿ ನರ್ಸಮ್ಮ ಒಳಗೆ ಹೋದರು.

ನಾನು ಹೊರಗೆ ಸೈಕಲ್ಲಿನ ಹತ್ತಿರ ನಿಂತೆ. ಒಳಗಿನಿಂದ ತಾಯಿಯ ನರಳಾಟ ಕೇಳಿತು, ನಿಂತಿತು. ಮಗು ಅಳಬೇಕಾದ ಹೊತ್ತಿನಲ್ಲಿ ಅಳಲಿಲ್ಲ. ಬಾಗಿಲಲ್ಲಿದ್ದ ಅತ್ತೆ ಒಳಗೆ ಬಗ್ಗಿ ನೋಡಿ, ಗೋಡೆಗೆ ಕೈಯಾನಿಸಿ ಕುಳಿತುಬಿಟ್ಟಳು. ನಾನು ಕಾಣುವುದಕ್ಕೆ ಬೇರೆ ಏನೂ ಇಲ್ಲದೆ ಸೈಕಲ್ಲಿನ ಕಡ್ಡಿಗಳಿಂದ ಮಣ್ಣು ಒಣಗಿ ಉದುರುವುದನ್ನೇ ನೋಡುತ್ತಿದ್ದೆ. ಆಮೇಲೆ ಬೆಕ್ಕಿನ ಮರಿಯಂಥ ಒಂದು ಸದ್ದು, ಅದರ ಹಿಂದೆ ನಿಜವಾದ ಅಳು.

ಮಗುವಿನ ಕೊರಳಿಗೆ ಹೊಕ್ಕುಳ ಹುರಿ ಸುತ್ತಿಕೊಂಡಿತ್ತಂತೆ. ಮರಳುವಾಗ ನರ್ಸಮ್ಮ ತಾವಾಗಿಯೇ ಹೇಳಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಶುರುಮಾಡಿ, ಆ ಮಾತನ್ನು ಮುಗಿಸಲಿಲ್ಲ.

ಜಾಲಿಮರದಿಂದ ಎಲ್ಲವನ್ನೂ ಇಳಿಸಿಕೊಂಡು ಕಾಲುವೆಗೆ ಬಂದೆವು. ಅವರು ಮೆಟ್ಟಿಲ ಮೇಲೆ ಕುಳಿತು ಮಡ್‌ಗಾರ್ಡುಗಳನ್ನು ಒಳಗೂ ಹೊರಗೂ ತೊಳೆದರು. ಬರುವ ದಾರಿ, ಕೈ ಅವರದಾಗಿತ್ತು. ಇವನ್ನು ಅಪ್ಪನಿಗೆ ವಾಪಸು ಕೊಟ್ಟುಬಿಡಬಹುದಲ್ಲ ಎಂದು ನಾನು ಅಂದೆ.

"ನಿಮ್ಮಪ್ಪಾರು ಮಗ ಉಳದಿದ್ದಕ್ಕ ಕೊಟ್ಟಾರ. ಅದನ್ನ ಬ್ಯಾಡ ಅನ್ನಾಕ ಬರ್ತೈತೇನು ತಂಗಿ?" ಅಂದರು. ಸ್ವಲ್ಪ ಹೊತ್ತು ತೊಳೆದು, "ಮನ್ಯಾಗ ಹೇಳಬ್ಯಾಡ" ಅಂದರು.

ಅಲ್ಲೇ ಕುಳಿತು ಮತ್ತೆ ಎಲ್ಲವನ್ನೂ ಜೋಡಿಸಿದೆವು. ಮನೆ ಮುಟ್ಟಿದಾಗ ಸೈಕಲ್ಲು ಆಯುಧ ಪೂಜೆಯ ದಿನದಂತೆಯೇ ಹೊಳೆಯುತ್ತಿತ್ತು. ಸೆರಗಿನ ಕಲೆ ನೋಡಿ ಅಜ್ಜಿ ಕೇಳಿದಳು. ಚೈನು ಕಳಚಿತ್ತು ಎಂದು ನರ್ಸಮ್ಮ ಹೇಳಿದರು.

ಮುಂದಿನ ಸಲ ಬಳ್ಳಾರಿಯಿಂದ ಬಂದ ಕರವಸ್ತ್ರದ ಗಂಟಿನಲ್ಲಿ ರೆಕ್ಕೆಯಿದ್ದ ನಟ್ಟುಗಳಿದ್ದವು, ಚಿಟ್ಟೆಯಂಥವು. ಅವನ್ನು ಬಿಚ್ಚಲು ಪಾನಾ ಬೇಡ, ಎರಡು ಬೆರಳು ಸಾಕು. ಮಡ್‌ಗಾರ್ಡಿಗೂ ಚೈನಿನ ಮುಚ್ಚಳಕ್ಕೂ ಅವನ್ನೇ ಹಾಕಿದರು. ಅಂದಿನಿಂದ ಮಳೆಗಾಲದಲ್ಲಿ ಕರೂರಿಗೋ ದೇಶನೂರಿಗೋ ಹೋಗುವುದಿದ್ದರೆ ನಮ್ಮ ಓಣಿಯಿಂದ ಪೂರ್ತಿ ಅಲಂಕಾರದಲ್ಲಿ ಹೊರಡುತ್ತಿದ್ದರು. ಕಾಲುವೆ ಸೇತುವೆಯ ಹತ್ತಿರ ಚಹಾ ಮಾರುವ ಮುದುಕಿಯೊಬ್ಬಳ ಗುಡಿಸಲಿತ್ತು. ಅಲ್ಲಿ ಎಲ್ಲವನ್ನೂ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ ಇಟ್ಟು, ಬರುವಾಗ ಹಾಕಿಕೊಂಡು ಬರುತ್ತಿದ್ದರು. ಆ ಮುದುಕಿ ತೆಲುಗಿನಲ್ಲಿ ಅವರನ್ನು ಛೇಡಿಸುತ್ತಿದ್ದಳು: ಗಂಡನ ಮನೆಗೆ ಹೋಗುವಾಗ ಒಡವೆ ಹಾಕಿಕೊಳ್ಳುವವರನ್ನು ಕಂಡಿದ್ದೇನೆ, ಬಿಚ್ಚಿಟ್ಟು ಹೋಗುವವಳು ನೀನೊಬ್ಬಳೇ ಎಂದು. ನರ್ಸಮ್ಮ ನಗುತ್ತಿದ್ದರು. ಅವರು ಸದ್ದು ಮಾಡಿ ನಕ್ಕದ್ದನ್ನು ನಾನು ಕೇಳಿದ್ದು ಆ ಗುಡಿಸಲಿನಲ್ಲಿ ಮಾತ್ರ.

ಪ್ರತಿ ದಸರೆಗೆ ಅಪ್ಪ ಸೈಕಲ್ಲಿಗೆ ಹೂವು ಏರಿಸುವಾಗ ಮಡ್‌ಗಾರ್ಡಿನಲ್ಲಿ ಮುಖ ನೋಡಿಕೊಂಡು, ನನ್ನ ಕಡೆ ತಿರುಗಿ, ಎಷ್ಟು ಜೋಪಾನ ಮಾಡ್ಯಾರ ನೋಡಿ ಕಲಿ ಅನ್ನುತ್ತಿದ್ದ. ನಾನು ತಲೆಯಾಡಿಸುತ್ತಿದ್ದೆ. ನರ್ಸಮ್ಮ ನನ್ನ ಕಡೆ ನೋಡುತ್ತಿರಲಿಲ್ಲ.

ನಾನು ಪಿಯುಸಿಗೆ ಬರುವ ಹೊತ್ತಿಗೆ ಅವರಿಗೆ ಕುರುಗೋಡಿಗೆ ವರ್ಗವಾಯಿತು. ಸೈಕಲ್ಲನ್ನು ಬಸ್ಸಿನ ಮೇಲೆ ಕಟ್ಟಿಸಿದರು. ಅಪ್ಪ ತಾನೇ ಏಣಿ ಹತ್ತಿ ಮಡ್‌ಗಾರ್ಡಿಗೆ ಗೀರು ಬೀಳದಂತೆ ಹಳೆಯ ದುಪ್ಪಟಿ ಸುತ್ತಿದ. ನಾನು ಬಳ್ಳಾರಿಯಲ್ಲಿ ಡಿಗ್ರಿ, ಧಾರವಾಡದಲ್ಲಿ ಎಂ.ಎ. ಮುಗಿಸಿ ಬಳ್ಳಾರಿಯ ಕಾಲೇಜೊಂದಕ್ಕೆ ಕೆಲಸಕ್ಕೆ ಸೇರಿದಾಗ, ಅವರು ನಿವೃತ್ತರಾಗಿ ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರ ಹಿಂಬದಿಯ ಕೋಣೆಯಲ್ಲಿದ್ದರು. ಆ ಸೈಕಲ್ಲು ಹೊರಟ ಜಾಗಕ್ಕೇ ಬಂದು ಸೇರಿತ್ತು. ಭಾನುವಾರ ಹೋದರೆ ಅಂಗಳದಲ್ಲಿ ಪೇಪರು ಹಾಸಿರುತ್ತಿತ್ತು. ನಾನು ಚೈನು ತಿಕ್ಕುತ್ತಿದ್ದೆ, ಅವರು ಗಾಲಿ ತಿರುವಿ ಕಿವಿಗೊಟ್ಟು ಕೇಳುತ್ತಿದ್ದರು. ನನ್ನ ಮದುವೆಯ ವಿಷಯ ಅವರು ಒಮ್ಮೆಯೂ ಎತ್ತಲಿಲ್ಲ. ಆ ವರ್ಷಗಳಲ್ಲಿ ಅದನ್ನು ಎತ್ತದ ಹಿರಿಯರು ಅವರೊಬ್ಬರೇ. ಸುತ್ತಲಿನ ಹಳ್ಳಿಗಳಿಂದ ಆಗಲೂ ಜನ ಅವರನ್ನು ಕರೆಯಲು ಬರುತ್ತಿದ್ದರು. ಅವರು ಹೋಗುತ್ತಿದ್ದರು.

ಕಳೆದ ವರ್ಷ ಮಳೆಗಾಲ ಮುಗಿಯುವ ಮೊದಲು ತೀರಿಕೊಂಡರು. ಜ್ವರ ಬಂದಿತ್ತು, ಕಡಿಮೆಯಾಗಿತ್ತು. ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಕುರುಗೋಡಿನಿಂದ ಬಂದ ಅವರ ತಂಗಿ ಕಾರ್ಯವೆಲ್ಲ ಮುಗಿಸಿದ ಮೇಲೆ ನನ್ನನ್ನು ಕರೆಸಿ, ಸೈಕಲ್ಲು ನಿಮಗೆ ಕೊಡಲು ಹೇಳಿದ್ದಾಳೆ ಅಂದರು. ಸುದ್ದಿ ತಿಳಿದು ಸಿರುಗುಪ್ಪದಿಂದ ಬಂದಿದ್ದ ಅಪ್ಪ ನನ್ನ ಜೊತೆಗಿದ್ದ.

ಸೈಕಲ್ಲು ಗೋಡೆಗೆ ಒರಗಿತ್ತು. ಹಸಿರು ಬಣ್ಣ ಎಷ್ಟೋ ಕಡೆ ಉದುರಿತ್ತು. ಮಡ್‌ಗಾರ್ಡಿಲ್ಲದೆ ಗಾಲಿಗಳು ಬೋಳಾಗಿದ್ದವು, ಚೈನು ಬಯಲಾಗಿತ್ತು. ಅಪ್ಪ ಬಗ್ಗಿ ಬರಿ ಗಾಲಿಯ ಮೇಲೆ ಕೈಯಾಡಿಸಿ ನೋಡಿದ. ಅಷ್ಟರಲ್ಲಿ ನರ್ಸಮ್ಮನ ತಂಗಿ ಒಳಗಿನಿಂದ ಒಂದು ಗಂಟು ತಂದು, ಇದೂ ಅದರದೇ ಅಂದರು. ಬಿಳಿ ಸೀರೆಯ ತುಂಡಿನಲ್ಲಿ ಸುತ್ತಿದ್ದ ಗಂಟು. ಬಿಚ್ಚಿದಾಗ ಮಡ್‌ಗಾರ್ಡುಗಳು, ಚೈನಿನ ಮುಚ್ಚಳ, ಚಿಟ್ಟೆನಟ್ಟುಗಳ ಒಂದು ಸಣ್ಣ ಡಬ್ಬಿ. ಒಳಮೈಯಲ್ಲೂ ಮಣ್ಣಿನ ಕಲೆ ಇರಲಿಲ್ಲ.

"ಇವು ಯಾಕ ಬಿಚ್ಚಿ ಇಟ್ಟಾರ?" ಅಪ್ಪ ನನ್ನನ್ನೇ ಕೇಳಿದ.

ಇಷ್ಟು ವರ್ಷ ಹೇಳದಿದ್ದುದನ್ನು ಹೇಳಿದೆ. ಇವಿದ್ದರೆ ಎರೆಯಲ್ಲಿ ಗಾಲಿ ತಿರುಗುವುದಿಲ್ಲ, ಮಳೆಗಾಲದಲ್ಲಿ ಸೇತುವೆಯ ಹತ್ತಿರ ಬಿಚ್ಚಿಟ್ಟು ಹೋಗುತ್ತಿದ್ದರು, ಮನೆಗೆ ಬರುವಾಗ ಹಾಕಿಕೊಳ್ಳುತ್ತಿದ್ದರು. ದೇಶನೂರಿನ ಮಗುವಿನ ವಿಷಯ ಹೇಳಲಿಲ್ಲ. ಅದನ್ನು ಅವರೂ ಹೇಳುತ್ತಿರಲಿಲ್ಲ.

ಅಪ್ಪ ಮಡ್‌ಗಾರ್ಡನ್ನು ಬೆಳಕಿಗೆ ಹಿಡಿದ. ಅವನ ಕೂದಲು ಪೂರ್ತಿ ಬೆಳ್ಳಗಾಗಿದ್ದುದು ಅದರಲ್ಲಿ ಕಾಣುತ್ತಿತ್ತು.

"ನನಗ ಹೇಳಬೇಕಿಲ್ಲ?" ಅಂದ. ಆಮೇಲೆ ತಾನೇ, "ಹೇಳಿದ್ರ ಸುಮ್ಮನಿರತಿದ್ನೇನು. ಇನ್ನೊಂದು ಏನರ ತಂದು ಹಾಕತಿದ್ದೆ" ಅಂದ.

ಭುಜದ ಟವೆಲು ತೆಗೆದು ಮಡ್‌ಗಾರ್ಡನ್ನು ಒರೆಸಿದ. ಒರೆಸುವಂಥದ್ದು ಅದರ ಮೇಲೆ ಏನೂ ಇರಲಿಲ್ಲ. ಮತ್ತೆ ಅದೇ ಸೀರೆಯ ತುಂಡಿನಲ್ಲಿ ಸುತ್ತಿ, ಗಂಟು ಬಿಗಿದು, ನನ್ನ ಕೈಗೆ ಕೊಟ್ಟ. "ಮಳಿ ಇನ್ನೂ ಮುಗದಿಲ್ಲ. ದಸರಾಕ್ಕ ಬರ್ತೀನಿ, ಆವಾಗ ಹಾಕೋಣಂತ."

ಬಂದ, ಹಾಕಿದೆವು. ಎರಡು ಬೆರಳು ಸಾಕಾದವು.

ಈಗ ನಾನು ಅದೇ ಸೈಕಲ್ಲಿನಲ್ಲಿ ಕಾಲೇಜಿಗೆ ಹೋಗುತ್ತೇನೆ. ಮಳೆಗಾಲ ಬಂದ ಕೂಡಲೇ ಚೈನಿನ ಮುಚ್ಚಳವನ್ನೂ ಮಡ್‌ಗಾರ್ಡುಗಳನ್ನೂ ಬಿಚ್ಚಿ ಸೀರೆಯಲ್ಲಿ ಸುತ್ತಿ ಇಡುತ್ತೇನೆ. ಕಂಟೋನ್ಮೆಂಟಿನಿಂದ ಕಾಲೇಜಿನವರೆಗೆ ಡಾಂಬರು, ಬಿಚ್ಚಬೇಕಾದ ಕಾರಣವೇ ಇಲ್ಲ. ಚೈನು ಹಳೆಯದು, ಆಗಾಗ ಕಳಚುತ್ತದೆ. ನನ್ನ ಕೈ ತರಗತಿಯಲ್ಲಿ ಮುಟ್ಟುವುದು ಸೀಮೆಸುಣ್ಣವನ್ನು ಮಾತ್ರ. ಕಪ್ಪು ಹತ್ತಿದರೆ ಯಾರಿಗೂ ಏನೂ ಆಗುವುದಿಲ್ಲ. ಆದರೂ ಹೋಗುವಾಗ ಕಳಚಿದರೆ ಸೈಕಲ್ಲನ್ನು ಬದಿಗೆ ನಿಲ್ಲಿಸಿ, ಬೇಲಿಯಲ್ಲಿ ಒಂದು ಕಡ್ಡಿ ಹುಡುಕುತ್ತೇನೆ.